ಗೋಧಿ ಬಿಟ್ಟು ಬಂದ ಬೇಕರಿಯವರು

ಶಿರಸಿಗೆ ಬಂದ ದಿನ ಸಾಮಾನಿನ ಗಂಟು ಇನ್ನೂ ಬಿಚ್ಚಿರಲಿಲ್ಲ. ಮನೆಯ ಯಜಮಾನಿ ಸಾವಿತ್ರಕ್ಕ ಮೆಟ್ಟಿಲ ಬುಡದಲ್ಲಿ ನಿಂತು, “ಕೂಸಿಗೆ ಆಸ್ರಿಗೆ ಎಂತ ಕೊಡ್ಲಿ?” ಎಂದು ಕೇಳಿದರು. ‘ಕೊಡ್ಲಿ’ ಒಂದನ್ನು ಬಿಟ್ಟರೆ ನನಗೆ ಬೇರೇನೂ ತಿಳಿಯಲಿಲ್ಲ. ಆ ಒಂದು ಪದವೇ ಸಾಕಾಯಿತು. ಮಗಳನ್ನು ಎಳೆದು ಹಿಂದೆ ನಿಲ್ಲಿಸಿಕೊಂಡು, ಏನೂ ಕೊಡಬ್ಯಾಡ್ರಿ, ನನ್ನ ಕೇಳದೆ ಇಕಿಗೆ ಏನೂ ಕೊಡಬ್ಯಾಡ್ರಿ ಎಂದುಬಿಟ್ಟೆ. ಹೊಸ ಊರಿನಲ್ಲಿ ನಾನಾಡಿದ ಮೊದಲ ಮಾತು ಅದು.

ಆಸ್ರಿ ಎಂದರೆ ಮನೆಗೆ ಬಂದವರ ಬಾಯಾರಿಕೆಗೆ ಕೊಡುವ ಮಜ್ಜಿಗೆಯೋ ಪಾನಕವೋ ಎಂದು ಆಮೇಲೆ ಗೊತ್ತಾಯಿತು. ನಮ್ಮ ವಿಜಯಪುರದ ಕಡೆ ತೊಟ್ಟಿಲಲ್ಲಿ ಮಲಗಿದ್ದು ಮಾತ್ರ ಕೂಸು. ಇಲ್ಲಿ ಹುಡುಗಿಯರೆಲ್ಲ ಕೂಸೇ. ಏಳು ವರ್ಷದ ನನ್ನ ಸೃಷ್ಟಿಗೆ ಅದು ಭಾರೀ ಅವಮಾನವಾಗಿ, ನಾ ಏನ್ ಕೂಸೇನು ಎಂದು ಎರಡು ದಿನ ಮುಖ ಊದಿಸಿಕೊಂಡು ಕೂತಿದ್ದಳು.

ಬೇಕರಿ ಇದ್ದವರು ಊರು ಬಿಟ್ಟದ್ದು ಯಾಕೆ ಎಂದು ವಿಜಯಪುರದ ನೀವು ಬಹಳ ಜನ ಕೇಳಿದಿರಿ. ಬೇಕರಿ ಇದ್ದದ್ದಕ್ಕೇ ಬಿಟ್ಟೆವು. ಸೃಷ್ಟಿಗೆ ಹೊಟ್ಟೆ ಉಬ್ಬುತ್ತಿತ್ತು, ಭೇದಿ ನಿಲ್ಲುತ್ತಿರಲಿಲ್ಲ, ಕೈಕಾಲು ಕಡ್ಡಿಯಾಗಿದ್ದವು. ಜಂತು, ದೃಷ್ಟಿ, ಹಲ್ಲು ಎಂದು ಎರಡು ವರ್ಷ ಅಲೆದ ಮೇಲೆ ಹುಬ್ಬಳ್ಳಿಯ ಡಾಕ್ಟರು ಹೇಳಿದರು: ಸೀಲಿಯಾಕ್. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಅವಳ ಕರುಳನ್ನೇ ಕೆಡಿಸುತ್ತದೆ. ಚಿಟಿಕೆಯಷ್ಟೂ ಹೊಟ್ಟೆಗೆ ಹೋಗಬಾರದು. ನಮ್ಮದೋ ಕೆಳಗೆ ಬೇಕರಿ, ಮೇಲೆ ಮನೆ. ಮೈದಾ ಹಾರಿ ಹಾಸಿಗೆಯ ಮೇಲೂ ಕೂರುತ್ತಿತ್ತು. ಮಾವ ಮೊಮ್ಮಗಳನ್ನು ಎತ್ತಿಕೊಂಡರೆ ಅವಳ ಫ್ರಾಕಿನ ಮೇಲೆ ಬೆಳ್ಳಗೆ ಐದು ಬೆರಳು ಮೂಡುತ್ತಿದ್ದವು. ಮೊದಲು ಅದನ್ನು ನೋಡಿ ನಗುತ್ತಿದ್ದೆವು.

ಶಿರಸಿ ಕಡೆ ಮೂರು ಹೊತ್ತೂ ಅಕ್ಕಿಯೇ, ಅಲ್ಲಿಗೆ ಹೋಗೋಣ ಎಂದದ್ದು ನನ್ನ ಗಂಡ. ಬೇಕರಿಯನ್ನು ತಮ್ಮನ ಕೈಗೆ ಬಿಟ್ಟು, ಯಲ್ಲಾಪುರದ ಲಾರಿ ಮಾಲೀಕರೊಬ್ಬರ ಗೂಡ್ಸ್ ಗಾಡಿ ಓಡಿಸುವ ಕೆಲಸ ಹಿಡಿದರು. ಹಾಗೆ ನಾವು ಸಾವಿತ್ರಕ್ಕನ ಮಹಡಿ ಸೇರಿದೆವು.

ಇಲ್ಲಿ ನಿಜವಾಗಿಯೂ ಅಕ್ಕಿಯದೇ ರಾಜ್ಯ. ಬೆಳಿಗ್ಗೆ ತೆಳ್ಳೇವು ಎಂಬ ಕಾಗದದಷ್ಟು ತೆಳು ದೋಸೆ, ಮಧ್ಯಾಹ್ನ ಅನ್ನ, ಮತ್ತೆ ರಾತ್ರಿ ಅನ್ನ. ನಮ್ಮಲ್ಲಿ ಖಡಕ್ ರೊಟ್ಟಿ ಮುರಿಯುವ ಸದ್ದಿಲ್ಲದೆ ಊಟವಿಲ್ಲ, ಇಲ್ಲಿ ಊಟಕ್ಕೆ ಸದ್ದೇ ಇಲ್ಲ. ಜೋಳದ ರೊಟ್ಟಿ ಸೃಷ್ಟಿಗೆ ಆಗುತ್ತದೆ ಎಂದು ಊರಿಂದಲೇ ಹಿಟ್ಟು ತಂದಿದ್ದೆ. ನಾನು ರೊಟ್ಟಿ ಬಡಿಯುವ ಸದ್ದು ಕೇಳಿ ಸಾವಿತ್ರಕ್ಕ, ಮೇಲೆ ಮರಗೆಲಸ ನಡೆದಿದೆ ಎಂದುಕೊಂಡಿದ್ದರಂತೆ.

ನನ್ನನ್ನು ಹೆಚ್ಚು ಕಾಡಿದ್ದು ಬೆಳ್ಳುಳ್ಳಿ. ಮೊದಲ ವಾರ ಬೆಳ್ಳುಳ್ಳಿ ಒಗ್ಗರಣೆ ಹಾಕಿದಾಗಲೆಲ್ಲ ಕೆಳಗಿನ ಮನೆಯ ಕಿಟಕಿ ಮುಚ್ಚುತ್ತಿತ್ತು. ಅವರ ಮನೆಯಲ್ಲಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಅವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಮಗು ಬದುಕಬೇಕಾದ ಊರು, ಮನೆ ಕೊಟ್ಟವರ ಮನಸ್ಸು ಮುರಿಯುವುದು ಬೇಡ ಎಂದು ಬೆಳ್ಳುಳ್ಳಿ ಬಿಟ್ಟೆ. ಪೇಟೆಗೆ ಹೋಗಿ ಒಂದು ಡಬ್ಬಿ ಇಂಗು ತಂದೆ. ನನ್ನ ಅಡುಗೆಮನೆ ಅವರದರ ಹಾಗೆ ಘಮ್ಮೆಂದಿತು, ಕಿಟಕಿ ತೆರೆದೇ ಇತ್ತು. ಈ ಊರನ್ನು ಗೆದ್ದೆ ಎಂದು ನಾನು ಬೀಗಿದೆ.

ಆಮೇಲೆ ಸೇಬಿನ ಕಾಟ. ಹುಷಾರಿಲ್ಲದ ಮಗು ಎಂದು ಗೊತ್ತಾದರೆ ಜನ ಸೇಬು ಹಿಡಿದೇ ಬರುತ್ತಾರೆ, ಅದಕ್ಕೆ ಅಲ್ಲಿ ಇಲ್ಲಿ ಎಂಬ ಭೇದವಿಲ್ಲ. ಬುಟ್ಟಿಯಲ್ಲಿ ಕೊಳೆಯತೊಡಗಿದವು. ಮಾವಿನಕಾಯಿ ಬೇಯಿಸಿ ಕಿವುಚಿ ಮಾಡುವ ತಿಳಿಯಾದ ಅಪ್ಪೆಹುಳಿಯನ್ನು ಸಾವಿತ್ರಕ್ಕ ನನಗೆ ಕಲಿಸಿದ್ದರು. ಮಾವಿನಕಾಯಿಯ ಬದಲು ಹುಳಿ ಸೇಬು ಹಾಕಿ, ಸಾಸಿವೆ, ಒಣಮೆಣಸು, ಧಾರಾಳ ಇಂಗಿನ ಒಗ್ಗರಣೆ ಕೊಟ್ಟು ಅದನ್ನೇ ಮಾಡಿದೆ. ಸೃಷ್ಟಿ ಲೋಟಗಟ್ಟಲೆ ಕುಡಿದಳು. ದಿನಾ ಅದೇ ಬೇಕೆಂದಳು, ದಿನಾ ಮಾಡಿದೆ.

ಕೇಕು ಮಾತ್ರ ಒಲಿಯಲಿಲ್ಲ. ಬೇಕರಿಯ ಸೊಸೆಯಾಗಿ ಹತ್ತು ವರ್ಷ ಹಿಟ್ಟು ನಾದಿದ ಕೈ ಇದು. ಅಕ್ಕಿಹಿಟ್ಟಿನ ಮುಂದೆ ಪೆದ್ದಾಯಿತು. ಮೊದಲ ಕೇಕು ಕತ್ತಿ ಇಟ್ಟೊಡನೆ ಪುಡಿಪುಡಿ, ಎರಡನೆಯದು ಕಲ್ಲು. ಗೋಧಿಯ ಅಂಟು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕಲ್ಲ. ಬೇಯಿಸಿ ಕಡೆದ ಸೇಬನ್ನು ಹಾಕಿ ನೋಡಿದೆ. ಸಾವಿತ್ರಕ್ಕ ಮನೆಯಲ್ಲೇ ಒಣಗಿಸಿ ಬೀಸಿದ ಬಾಳೆಕಾಯಿ ಹಿಟ್ಟು ಕೊಟ್ಟರು. ಎರಡು ಪಾಲು ಅಕ್ಕಿಹಿಟ್ಟು, ಒಂದು ಪಾಲು ಬಾಳೆಕಾಯಿ ಹಿಟ್ಟು, ಸೇಬಿನ ತಿರುಳು, ಬೆಲ್ಲ. ಕಲಸಿ ಅರ್ಧ ಗಂಟೆ ಸುಮ್ಮನೆ ಬಿಟ್ಟು ಬೇಯಿಸಿದರೆ, ಕತ್ತರಿಸಿದರೂ ಪುಡಿಯಾಗದೆ ಕೈಯಲ್ಲಿ ನಿಲ್ಲುವ ಕೇಕಾಯಿತು. ಗೋಧಿ ಬಿಟ್ಟ ಮೇಲೆ ಸೃಷ್ಟಿ ಮೊದಲ ಸಲ ಕೇಕು ತಿಂದಳು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಅದೇ ತಿಂಗಳು ಅವಳ ಹೊಟ್ಟೆ ಮತ್ತೆ ಉಬ್ಬಿತು.

ಶಾಲೆಗೆ ಡಬ್ಬಿ ನನ್ನದೇ, ನೀರೂ ನನ್ನದೇ. ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ ಅಂಗಿ ಝಾಡಿಸಿದೆ. ಅವಳ ಚೀಲ ತಡಕಿದೆ, ಬಾಯಿ ಮೂಸಿದೆ. ಒಂದು ಸಂಜೆ ಅವಳು ಕೆಳಗಿನ ಮನೆಯಿಂದ ಬಾಯಿ ಒರೆಸಿಕೊಳ್ಳುತ್ತ ಹತ್ತಿ ಬಂದಳು. ನನ್ನ ತಲೆ ಕೆಟ್ಟಿತು. ರಟ್ಟೆ ಹಿಡಿದು ಎಳೆದುಕೊಂಡೇ ಇಳಿದೆ.

“ಖರೇ ಹೇಳ್ರಿ ಸಾವಿತ್ರಕ್ಕ, ಇಕಿಗೆ ಏನ್ ತಿನ್ಸೀರಿ?”

ಬಾಳೆಹಣ್ಣು ಎಂದರು ಅವರು. ನಾನು ನಂಬಲಿಲ್ಲ. ಬಿಸ್ಕತ್ತು ಕೊಟ್ಟಿರಬೇಕು, ಒಂದು ತಿಂದರೆ ಏನಾಗುತ್ತದೆ ಎಂದುಕೊಂಡಿರಬೇಕು, ನಿಮ್ಮ ಮಗುವಾಗಿದ್ದರೆ ಗೊತ್ತಾಗುತ್ತಿತ್ತು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಡುಗೆಮನೆಯ ಪ್ರತಿಯೊಂದು ಪೊಟ್ಟಣವನ್ನೂ ತೆಗೆದುಕೊಂಡು ಬನ್ನಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಎಲ್ಲವನ್ನೂ ಚೀಲಕ್ಕೆ ತುಂಬಿ ಗಂಡನ ಗಾಡಿಯಲ್ಲೇ ಹುಬ್ಬಳ್ಳಿಗೆ ಹೊರಟೆವು. ಯಲ್ಲಾಪುರದಲ್ಲಿ ಅವರು ಸಾಮಾನು ಇಳಿಸಲು ಹೋದರು. ಸೃಷ್ಟಿ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಸುಮ್ಮನೆ ಕೂರಲಾಗದೆ ಒಂದೊಂದೇ ಪೊಟ್ಟಣ ತೆಗೆದು ಓದಿದೆ. ಉಪ್ಪು, ಅರಿಸಿನ, ಬೆಲ್ಲ. ಇಂಗಿನ ಡಬ್ಬಿಯ ಬೆನ್ನಿಗೆ ಇರುವೆಯಂಥ ಅಕ್ಷರಗಳಿದ್ದವು. ಮೈದಾ ಹಿಟ್ಟು, ಗೋಂದು, ಇಂಗು. ಮೊದಲ ಹೆಸರೇ ಮೈದಾ.

ಬರೀ ಇಂಗು ಬಹಳ ಘಾಟು, ಅದಕ್ಕೆ ಹಿಟ್ಟು ಬೆರೆಸಿಯೇ ಮಾರುತ್ತಾರೆ, ಎಲ್ಲರಿಗೂ ಗೊತ್ತಲ್ಲ ಎಂದರು ಡಾಕ್ಟರು. ಮೂರು ತಲೆಮಾರು ಮೈದಾದಲ್ಲೇ ಬದುಕಿದ ಮನೆಯವಳಿಗೆ ಗೊತ್ತಿರಲಿಲ್ಲ. ಊರಲ್ಲಿ ಬೆಳ್ಳುಳ್ಳಿ ಒಗ್ಗರಣೆ ತಿನ್ನುತ್ತಿದ್ದ ಮಗುವಿಗೆ, ಈ ಊರಿನವಳಾಗುವ ಆಸೆಯಲ್ಲಿ ನನ್ನ ಕೈಯಾರೆ ದಿನಾ ಗೋಧಿ ಕುಡಿಸಿದ್ದೆ.

ಮರುದಿನ ಸಾವಿತ್ರಕ್ಕನ ಮುಂದೆ ಡಬ್ಬಿ ಇಟ್ಟು, ತಪ್ಪಾಯಿತು ಎಂದೆ. ಅವರು ಡಬ್ಬಿಯನ್ನು ದೂರ ಹಿಡಿದು ಓದಿದರು. ಕೂತುಕೋ ಎನ್ನಲಿಲ್ಲ. ಡಬ್ಬಿಯನ್ನು ನನ್ನ ಕೈಗೇ ಕೊಟ್ಟು ಹೇಳಿದರು.

“ನೀ ಕೇಳಿದ್ದಕ್ಕೆ ಬೇಜಾರಿಲ್ಲೆ ತಂಗಿ. ಕೂಸಿನ ಎದುರಿಗೆ ಕೇಳಿದ್ಯಲೆ, ಅದಕ್ಕೆ ಬೇಜಾರು. ಈಗ ಅದು ಮೆಟ್ಲು ಇಳಿತಿಲ್ಲೆ.”

ಸುಳ್ಳಲ್ಲ. ಸೃಷ್ಟಿ ಕೆಳಗೆ ಹೋಗುವುದನ್ನು ಬಿಟ್ಟಿದ್ದಳು. ನಾನು ಬಡಿಸಿದರೂ, ಇದರಾಗ ಏನೂ ಇಲ್ಲಲ್ಲ ಎಂದು ಕೇಳಿಯೇ ತುತ್ತು ಎತ್ತುತ್ತಿದ್ದಳು. ನನ್ನ ಭಯವನ್ನೂ ಅವಳಿಗೆ ಉಣಿಸಿದ್ದೆ. ಹೊಟ್ಟೆ ವಾಸಿಯಾಗುವುದಕ್ಕೆ ವಾರಗಳು ಸಾಕಾದವು, ಇದಕ್ಕೆ ತಿಂಗಳುಗಳು ಬೇಕಾದವು.

ದಾರಿ ತೋರಿಸಿದ್ದು ಸಾವಿತ್ರಕ್ಕನೇ. ಕರಾವಳಿಯವರು ಸೌತೆಕಾಯಿ, ಅಕ್ಕಿರವೆ, ಬೆಲ್ಲ, ಕಾಯಿತುರಿ ಕಲಸಿ, ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಇಟ್ಟು ತವಸೊಳಿ ಎಂಬ ಕೇಕು ಮಾಡುತ್ತಾರೆ. ಕುಮಟೆಯ ನೆಂಟರಿಂದ ಅವರು ಅದನ್ನು ಕಲಿತಿದ್ದರು. ಸೌತೆಕಾಯಿಯ ಬದಲು ಸೇಬು ಹಾಕೋಣ, ಆದರೆ ಕಲಸುವವಳು ಕೂಸೇ ಎಂದರು. ತಾನೇ ಅಳೆದು, ತಾನೇ ತುರಿದು, ತಾನೇ ಕಲಸಿದ್ದರಲ್ಲಿ ಏನಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲವಲ್ಲ. ನನ್ನನ್ನು ಹೊರಗೆ ಜಗಲಿಯ ಮೇಲೆ ಕೂರಿಸಿದರು. ಒಳಗಿನಿಂದ ಸೃಷ್ಟಿಯ ನಗು ಕೇಳಿದಾಗಲೂ ಹಾಳಾದ ಮನಸ್ಸು, ಆ ರವೆ ಯಾವ ಡಬ್ಬಿಯದು ಎಂದು ಕೇಳು ಎನ್ನುತ್ತಿತ್ತು. ಸೆರಗು ಕಚ್ಚಿಕೊಂಡು ಕೂತೆ. ಅವಳು ತಿಂದಳು, ಇನ್ನೊಂದು ಚೂರು ಕೇಳಿದಳು.

ಈಗ ಕೆನ್ನೆ ತುಂಬಿದೆ, ಫ್ರಾಕುಗಳು ಗಿಡ್ಡವಾಗಿವೆ. ಕೆಳಗಿನ ಅಡುಗೆಮನೆಯಲ್ಲಿ ಅವಳಿಗಾಗಿ ಇಂಗು ಹಾಕದ ಸಾರು ಬೇರೆಯಾಗಿ ಕುದಿಯುತ್ತದೆ. ನಾನು ಎರಡೂ ಕಡೆ ಸಲ್ಲದವಳು. ಇಲ್ಲಿ ಬಾಯಿ ತೆರೆದರೆ, ಯಾವ ಕಡೆಯವರು ಎಂದು ಕೇಳುತ್ತಾರೆ. ಹಬ್ಬಕ್ಕೆ ಊರಿಗೆ ಹೋದಾಗ ನನ್ನ ಸ್ವಂತ ಮನೆಯ ಹೊಸ್ತಿಲಲ್ಲೇ ನಿಂತು, ಎಲ್ಲರೂ ಕೈ ತೊಳೀರಿ ಎಂದು ಕೂಗುತ್ತೇನೆ. ನಿಮಗೆ ಅದು ಸೊಕ್ಕು ಎನಿಸಿದ್ದು ನನಗೆ ಗೊತ್ತು. ಅದು ಹೆದರಿಕೆ.

ಕಳೆದ ವಾರ ಮಾವ ಫೋನು ಮಾಡಿದ್ದರು. ಬೇಕರಿಯನ್ನು ಬೇರೆ ಓಣಿಗೆ ಸಾಗಿಸುತ್ತಾರಂತೆ, ಮನೆಯನ್ನೆಲ್ಲ ತೊಳೆಸಿ ಸುಣ್ಣ ಹೊಡೆಸುತ್ತಾರಂತೆ. ಆರಾಮ ಆತಲ್ಲ, ಇನ್ನ ಬರ್ರಿ ಎಂದರು. ನಾನು ತಡವರಿಸುವಷ್ಟರಲ್ಲಿ ಸೃಷ್ಟಿ ಫೋನು ಕಸಿದುಕೊಂಡಳು. ಶಾಲೆಯ ಗೆಳತಿಯರ ಜೊತೆ ಅವಳ ‘ನಾನು’ ಯಾವಾಗಲೋ ಈ ಕಡೆಯ ‘ಆನು’ ಆಗಿಬಿಟ್ಟಿದೆ.

“ಆನು ಬತ್ನಿಲ್ಲೆ, ಅಜ್ಜಾ.”

“ಆನಿ? ಯಾವ ಆನಿ ಬರೂದಿಲ್ಲಂತವಾ?”

‘ಆನು’ ಅವರ ಕಿವಿಗೆ ಆನೆಯಾಗಿ ಬಿದ್ದಿತ್ತು, ನನಗೆ ನಗು ಬಂತು. ಫೋನು ತೆಗೆದುಕೊಂಡೆ.

“ಆನಿ ಅಲ್ರಿ ಮಾವಾರ. ನಿಮ್ಮ ಮೊಮ್ಮಗಳು.”

ಆ ಕಡೆ ಬೇಕರಿಯಲ್ಲಿ ಯಾರೋ ತಗಡಿನ ಟ್ರೇ ಇಡುವ ಸದ್ದು ಕೇಳುತ್ತಿತ್ತು. ಬರ್ರಿ ಎಂದು ಅವರು ಮತ್ತೆ ಅನ್ನಲಿಲ್ಲ.