ಮಡಿಕೆಯಕ್ಕ ಹಾರಿದ ದಿನ

ವಾಯುಪಡೆಯ ಆ ತರಬೇತಿ ನೆಲೆಯಲ್ಲಿ ಎಲ್ಲರೂ ಅವಳನ್ನು ಮಡಿಕೆಯಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಅವಳದು ಒಂದೇ ಕೆಲಸ, ಪೈಲಟ್‌ಗಳು ಬೆನ್ನಿಗೆ ಕಟ್ಟಿಕೊಳ್ಳುವ ಪ್ಯಾರಾಶೂಟು ಮಡಿಸುವುದು.

ಕೋಣೆಯ ತುಂಬ ಏಳು ಮಾರು ಉದ್ದದ ಎರಡು ಮೇಜುಗಳು. ಒಂದು ಅವಳದು. ಇನ್ನೊಂದು ಇಸ್ತ್ರಿಯಣ್ಣನದು. ಅಂಗಿಯ ಮೇಲೆ ಒಂದು ಸುಕ್ಕೂ ಬೀಳಗೊಡದ ಆ ಮನುಷ್ಯನಿಗೆ ಆ ಹೆಸರಿಟ್ಟವಳು ಅವಳೇ. ಬಟ್ಟೆಯನ್ನು ಮೇಜಿನುದ್ದಕ್ಕೂ ಹಾಸಿ, ದಾರಗಳನ್ನು ಒಂದೊಂದಾಗಿ ಬಿಡಿಸಿ, ಮಡಿಕೆ ಜಾರದಂತೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಇಡಬೇಕು. ಪಕ್ಕದಲ್ಲೇ ಒಣಗಿಸುವ ಗೋಪುರವಿತ್ತು. ಮೂರು ಮಾಳಿಗೆ ಎತ್ತರದಿಂದ ಬಿಳಿ ಪ್ಯಾರಾಶೂಟುಗಳು ನೇತಾಡುತ್ತಿದ್ದವು. ಊಟವಾದ ಮೇಲೆ ಅವಳು ಅವುಗಳ ಕೆಳಗೆ ಹೋಗಿ ಕತ್ತೆತ್ತಿ ನಿಲ್ಲುತ್ತಿದ್ದಳು. ಎಲ್ಲಿಂದಲೋ ನುಸುಳಿದ ಗಾಳಿಗೆ ಅವು ಉಸಿರಾಡಿದಂತೆ ಉಬ್ಬಿ ಇಳಿಯುತ್ತಿದ್ದವು. ಆಗ ಅವಳಿಗೆ ಸಮುದ್ರದ ತಳದಲ್ಲಿ ನಿಂತ ಹಾಗಾಗುತ್ತಿತ್ತು. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಕೆಲಸದ ಚಾಳಿ ಮನೆಗೂ ಬಂದಿತ್ತು. ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಗಂಡ ಹಾಸಿಗೆಯ ಬಳಿ ನಿಂತು, "ಲೇ, ಈ ಹೊದಿಕೆ ಬಿಚ್ಚಬೇಕಾದ್ರೆ ಯಾವ ಹಗ್ಗ ಎಳೀಬೇಕೇ?" ಎಂದು ಕೇಳುತ್ತಿದ್ದ.

ಪೈಲಟ್‌ಗಳು ಕಡಿಮೆಯಾಗುತ್ತಿದ್ದಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಳಸಲಿ ಬಿಡಲಿ, ಕೆಲವು ತಿಂಗಳಿಗೊಮ್ಮೆ ಪ್ರತಿ ಪ್ಯಾರಾಶೂಟನ್ನೂ ಬಿಚ್ಚಿ ಮತ್ತೆ ಮಡಿಸಬೇಕಿತ್ತು. ಹಿಂದೆಲ್ಲ ಹಾಗೆ ಬಂದವುಗಳ ಹೆಗಲಪಟ್ಟಿಗಳಿಗೆ ಬೆವರಿನ ವಾಸನೆ ಇರುತ್ತಿತ್ತು, ಭುಜ ಉಜ್ಜಿದ ಕಡೆ ಬಣ್ಣ ಮಾಸಿರುತ್ತಿತ್ತು. ಈಚೀಚೆಗೆ ಹೋದವು ಹೋದ ಹಾಗೇ ವಾಪಸು ಬರತೊಡಗಿದವು. ಮೂಗಿಗೆ ಹಿಡಿದರೆ ಬರೀ ಕಪಾಟಿನ ವಾಸನೆ. ಯಾರೂ ತೊಡದ ಬಟ್ಟೆಯನ್ನು ಒಗೆದು ಮಡಿಸಿಡುವ ತಾಯಿಯ ಸಂಕಟ ಅವಳಿಗೆ.

ಒಂದು ಮಧ್ಯಾಹ್ನ ಕ್ಯಾಂಟೀನಿನ ಟಿವಿಯಲ್ಲಿ ವಾಯುಪಡೆಯ ಹೊಸ ಮುಖ್ಯಸ್ಥರು ಪತ್ರಕರ್ತರ ಮುಂದೆ ಕೂತಿದ್ದರು. ಕೈಯಲ್ಲಿದ್ದ ಹಾಳೆಯನ್ನು ಪಕ್ಕಕ್ಕಿಟ್ಟು ಹೇಳಿದರು: "ನಮ್ಮ ಹತ್ರ ವಿಮಾನ ಇದೆ, ಇಂಧನ ಇದೆ. ಹಾರಿಸೋರು ಸಾಲದು. ನಾಲ್ಕು ಜನ ಬೇಕಾದ ಕಡೆ ಮೂರೇ ಜನ ಇದಾರೆ. ಕಲಿಸೋರು ಇನ್ನೂ ಕಮ್ಮಿ. ಎಲ್ಲಾ ಸಿದ್ಧವಾಗಿದೆ ಅಂತ ಸುಳ್ಳು ಹೇಳೋಕೆ ನನಗೆ ಮನಸ್ಸಿಲ್ಲ. ಬಿಟ್ಟುಹೋದೋರು ಯಾರಾದ್ರೂ ಕೇಳಿಸ್ಕೋತಾ ಇದ್ರೆ, ದಯವಿಟ್ಟು ವಾಪಸ್ ಬನ್ನಿ."

"ಹೋದ ವರ್ಷ ಎಲ್ಲಾ ಸರಿಯಾಗಿದೆ ಅಂದಿದ್ರಲ್ಲ?" ಎಂದ ಇಸ್ತ್ರಿಯಣ್ಣ.

"ಅಂದೋರು ಹಿಂದಿನವ್ರು. ಇವ್ರು ಬಾಯಿಬಿಟ್ರು ನೋಡು," ಎಂದಳು ಮಡಿಕೆಯಕ್ಕ. ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಬೇರೊಬ್ಬರು ಆಡಿದಂತಾಗಿ ಅವಳಿಗೆ ಹಗುರವೆನಿಸಿತು.

ಎರಡು ತಿಂಗಳ ನಂತರ, ಕಿವಿಯ ಮೇಲಿನ ಕೂದಲು ನೆರೆತ ಒಬ್ಬ ಪೈಲಟ್ ಮಡಿಸುವ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಉಂಗುರ, ಗಡಿಯಾರ ಎರಡನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡೇ ಒಳಗೆ ಕಾಲಿಟ್ಟ. ಬಟ್ಟೆಗೆ ಏನೂ ತಗುಲಬಾರದೆಂಬ ನಿಯಮ ಗೊತ್ತಿದ್ದವನು.

"ಮಡಿಕೆಯಕ್ಕ ಅಂದ್ರೆ ನೀವೇನಾ? ಹತ್ತೊಂಬತ್ತು ವರ್ಷದ ಹಿಂದೆ ಕೆರೆ ಮೇಲೆ ಇಂಜಿನ್‌ಗೆ ಬೆಂಕಿ ಹತ್ತಿ ಒಬ್ಬ ಹಾರಿಕೊಂಡಿದ್ದ. ನೀವು ಮಡಿಸಿದ್ದು ಬಿಚ್ಚಿಕೊಳ್ತು. ಅವನು ನಾನೇ."

ಅವಳ ಕೈ ದಾರದ ಮೇಲೆಯೇ ನಿಂತಿತು. ಇಪ್ಪತ್ತಾರು ವರ್ಷಗಳಲ್ಲಿ ಅವಳ ಮಡಿಕೆ ನಿಜವಾಗಿ ಬೇಕಾದದ್ದು ಆ ಒಂದೇ ಸಲ. ಹಾಗೆ ಬದುಕಿದವರು ಬಂದು ಮಡಿಸಿದವರಿಗೆ ಕೃತಜ್ಞತೆಯ ಒಂದು ಮಾತು ಹೇಳಿ ಹೋಗುವುದು ವಾಡಿಕೆ. ಅವನು ಬಂದಿರಲಿಲ್ಲ.

"ಆವಾಗಲೇ ಬರಬೇಕಿತ್ತು ನಾನು," ಎಂದ ಅವನು. "ಅದಾದ್ಮೇಲೆ ಹೆದರಿಕೆ ಶುರುವಾಯ್ತು. ದೊಡ್ಡ ಸಂಬಳ ಅಂತ ಎಲ್ಲರಿಗೂ ಹೇಳಿ ಪ್ರಯಾಣಿಕರ ವಿಮಾನಕ್ಕೆ ಹೋದೆ. ನಿಮ್ಮ ಮುಖ ನೋಡಿದ್ರೆ ನಿಜ ಬಾಯಿಗೆ ಬಂದುಬಿಡುತ್ತೆ ಅನ್ನೋ ಭಯ. ಮೊನ್ನೆ ಮುಖ್ಯಸ್ಥರು ಟಿವಿಯಲ್ಲಿ ಅಷ್ಟು ದೊಡ್ಡ ಜಾಗದಲ್ಲಿ ಕೂತು ಇದ್ದದ್ದು ಇದ್ದ ಹಾಗೆ ಹೇಳಿದ್ರಲ್ಲ... ಕಲಿಸೋಕೆ ಬಂದಿದೀನಿ."

"ದಿನಾ ನಿಮ್ಮನ್ನೇ ನೆನೆಸ್ಕೊಂಡು ಕೂತಿದ್ದೆ ಅಂದ್ಕೋಬೇಡಿ," ಎಂದಳು ಅವಳು. "ವರ್ಷಕ್ಕೆ ಒಂದೆರಡು ಸಲ ಅಷ್ಟೇ. ಹೆದರಿಕೆ ಹೋಯ್ತಾ?"

"ಇಲ್ಲ."

"ಹಾಗಾದ್ರೆ ಈ ದಾರ ಹಿಡ್ಕೊಳ್ಳಿ. ಎಳೀಬೇಡಿ, ಸುಮ್ನೆ ಹಿಡ್ಕೊಳ್ಳಿ."

ಮಡಿಕೆ ಮುಗಿಯುವವರೆಗೆ ಅವನು ಹಿಡಿದೇ ನಿಂತಿದ್ದ. ಹೊರಡುವಾಗ, "ನೀವು ಎಷ್ಟು ಸಲ ವಿಮಾನದಲ್ಲಿ ಹಾರಿದೀರಿ?" ಎಂದು ಕೇಳಿದ.

"ನಾನಾ? ಸ್ಟೂಲ್ ಹತ್ತಿದ್ರೇ ತಲೆ ತಿರುಗುತ್ತೆ."

ಅವನು ಅಲ್ಲಿಗೆ ಬಿಡಲಿಲ್ಲ. ಕೈ ಪಳಗಿಸಿಕೊಳ್ಳಲು ಅವನು ಒಬ್ಬನೇ ಹಾರಬೇಕಿದ್ದ ದಿನಗಳಲ್ಲಿ ವಿಮಾನದ ಹಿಂದಿನ ಆಸನ ಖಾಲಿ ಇರುತ್ತಿತ್ತು. ಅದರಲ್ಲಿ ಅವಳನ್ನು ಕೂರಿಸಿಕೊಳ್ಳಲು ನೆಲೆಯ ಕಮಾಂಡರರನ್ನು ಕಾಡಿ ಬೇಡಿ ಒಪ್ಪಿಸಿದ. ವೈದ್ಯರು ಅವಳ ಎದೆ ಬಡಿತ ನೋಡಿ ಸಹಿ ಹಾಕಿದರು. "ಮೇಲೆ ಹೋಗ್ತಾ ಇದೀಯ ಸರಿ, ಪೂರ್ತಿ ಮೇಲೆ ಹೋಗ್ಬೇಡ ಮಾರಾಯ್ತಿ," ಎಂದ ಗಂಡನ ನಗು ಅರ್ಧಕ್ಕೇ ನಿಂತಿತು.

ಆ ಬೆಳಿಗ್ಗೆ ವಿಮಾನದ ಪಕ್ಕದಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಮುನ್ನ, ಮಡಿಸಿದವರು ಸಹಿ ಹಾಕುವ ಪ್ಯಾರಾಶೂಟಿನ ಚೀಟಿ ತಿರುಗಿಸಿ ನೋಡಿದಳು. ಇಸ್ತ್ರಿಯಣ್ಣನ ಸಹಿ. ಹದಿನೆಂಟು ವರ್ಷ ಎದುರಿಗೇ ಕೂತು ಅವನ ಮಡಿಕೆಯಲ್ಲಿ ಹುಳುಕು ಹುಡುಕಿದವಳು ಅವಳು. ಒಂದು ಸಲವೂ ಭೇಷ್ ಅಂದವಳಲ್ಲ. ಬಿಚ್ಚಿ ನೋಡೋಣವೆಂದು ಕೈ ತುರಿಸಿತು. ತನ್ನ ಸಹಿಯನ್ನಷ್ಟೇ ನೋಡಿ ಸಾವಿರ ಜನ ಏಣಿ ಹತ್ತಿದ್ದರಲ್ಲ ಎನಿಸಿ, ಸುಮ್ಮನೆ ಹತ್ತಿ ಕೂತಳು.

ನೆಲ ಜಾರಿತು. ಬೀದಿಗಳು, ಮನೆಯ ಹೆಂಚುಗಳು, ಅಂಚೆ ಕಚೇರಿಯ ಕೆಂಪು ಗೋಡೆ, ಎಲ್ಲವನ್ನೂ ಯಾರೋ ಮೆಲ್ಲಗೆ ಮಡಿಸಿ ಕೆಳಗಿಡುತ್ತಿರುವಂತೆ ಕಂಡಿತು. ಆಮೇಲೆ ಮೋಡ. ಗಾಜಿನಾಚೆ ಬರೀ ಬಿಳುಪು, ಅದರೊಳಗೆ ಒಂದು ಬೆಳಕು. ಇಂಜಿನ್ನಿನ ಗುಂಯ್‌ಗುಡುವಿಕೆ ತೊಟ್ಟಿಲ ಹಾಡಿನಂತೆ ಬೆನ್ನಿಗಿಳಿಯಿತು. ಕಿವಿಯಲ್ಲಿ ಪೈಲಟನ ದನಿ, "ಅಕ್ಕಾ, ಹೆದರಿಕೆ ಆಗ್ತಿದ್ಯಾ? ನನಗಂತೂ ಇವತ್ತು ಆಗ್ತಿಲ್ಲ." ಅವಳು ಏನೋ ಉತ್ತರ ಕೊಟ್ಟಳು, ಅಥವಾ ಕೊಟ್ಟೆನೆಂದುಕೊಂಡಳು.

ಇಳಿದಾಗ ಇಸ್ತ್ರಿಯಣ್ಣ ಬಿಸಿಲಲ್ಲೇ ಕಾಯುತ್ತಿದ್ದ. ಅಂಗಿಯ ತೋಳು ಪೂರ್ತಿ ಮುದುರಿಹೋಗಿತ್ತು.

"ಹೇಗಿತ್ತು?"

"ಚೆನ್ನಾಗಿ ಮಡಿಸ್ತೀಯ ಕಣಪ್ಪಾ ನೀನು."

"ಬಿಚ್ಚಲೇ ಇಲ್ಲ, ಅದು ಹೇಗೆ ಗೊತ್ತಾಯ್ತು ನಿಂಗೆ?"

ಮಡಿಕೆಯಕ್ಕ ಪಟ್ಟಿ ಸಡಿಲಿಸುತ್ತ ಅವನ ಮುಖ ನೋಡಿದಳು.

"ಮೇಲೆ ನಿದ್ದೆ ಬಂದ್ಬಿಡ್ತು," ಎಂದಳು.