ಉಪ್ಪು, ಮೆಣಸು ಮತ್ತು ಐರ್ಲೆಂಡಿನ ಕೆಲಸ

ನನ್ನ ಮೊಮ್ಮಗಳು ಓದಿದ್ದು ಕೆಲ್ಟಿಕ್ ಭಾಷೆಗಳು ಮತ್ತು ಆ ಜನರ ಚರಿತ್ರೆ. ಐರ್ಲೆಂಡ್ ಕಡೆಯವರು ಸಾವಿರ ವರ್ಷಗಳ ಹಿಂದೆ ಆಡುತ್ತಿದ್ದ ಮಾತಂತೆ. ಈಗ ಅಲ್ಲಿಯವರಿಗೂ ಅರ್ಥವಾಗುವುದಿಲ್ಲವಂತೆ. ನಾನು ಐದನೇ ಕ್ಲಾಸು ದಾಟಿದವಳಲ್ಲ. ಆದರೂ ದುಬೈಯ ಕರಾಮದ ನಮ್ಮ ಕಟ್ಟಡದಲ್ಲಿ ಇದನ್ನು ಹೇಳದೆ ನಾನು ಬಿಟ್ಟ ಮನೆಯಿಲ್ಲ.

ಡಾಕ್ಟರೇಟ್ ಮುಗಿಸಿ ಬಂದವಳಿಗೆ ಐರ್ಲೆಂಡಿನ ಕಾಲೇಜೊಂದು ಲ್ಯಾಪ್‌ಟಾಪಿನಲ್ಲೇ ಇಂಟರ್‌ವ್ಯೂ ಇಟ್ಟಿತು. ಗೆದ್ದರೆ ಅಲ್ಲಿ ಪಾಠ ಹೇಳುವ ಕೆಲಸ. ಇಲ್ಲದಿದ್ದರೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಟೈಲ್ಸ್ ಗೋದಾಮಿನಲ್ಲಿ ನನ್ನ ಮಗ ಅವಳಿಗೊಂದು ಕುರ್ಚಿ ನೋಡಿಟ್ಟಿದ್ದ.

ಇಷ್ಟು ಕಲಿತ ಹುಡುಗಿಗೆ ಕಣ್ಣು ಬೀಳದೆ ಇರುತ್ತದೆಯೇ? ಅವಳು ಕೋಣೆಯಲ್ಲಿ ಮಾತಾಡುತ್ತಿರುವಾಗ, ಮೊದಲೇ ನಿವಾಳಿಸಿಟ್ಟಿದ್ದ ಉಪ್ಪು, ಒಣಮೆಣಸನ್ನು ಕಾದ ಕಾವಲಿಗೆ ಹಾಕಿದೆ. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದೇ ಲೆಕ್ಕ. ಬರಲಿಲ್ಲ. ಇನ್ನೊಂದು ಮುಷ್ಟಿ ಹಾಕಿದೆ. ಆಗ ಚಾವಣಿಯ ಅಲಾರಂ ಕಿರುಚಿತು, ಅದರ ಹಿಂದೆ ಇಡೀ ಕಟ್ಟಡದ್ದು.

ಎಲ್ಲರೂ ಕೆಮ್ಮುತ್ತ ಕಾರ್ ಪಾರ್ಕಿಗೆ ಇಳಿದೆವು. ಮೊಮ್ಮಗಳು ತೆರೆದ ಲ್ಯಾಪ್‌ಟಾಪ್ ಹಿಡಿದೇ ಬಂದಳು. ಅದರೊಳಗೆ ಮೂವರು ಮೇಷ್ಟ್ರುಗಳು ಇನ್ನೂ ಕೂತಿದ್ದರು.

"ಅಜ್ಜಿ, ಎಂತ ಮಾಡಿದ್ದು ನೀವು?"

"ದೃಷ್ಟಿ ತೆಗೆದದ್ದು."

"ಈಗ್ಲಾ?"

"ಮತ್ತೆ ಕೆಲಸ ತಪ್ಪಿದ ಮೇಲೆ ತೆಗೀಬೇಕಿತ್ತಾ?"

ಮೇಷ್ಟ್ರುಗಳು ಏನೋ ಕೇಳಿದರು. "ಏನೂ ಗೊತ್ತಿಲ್ಲದವರಿಗೆ ಹೇಗೆ ಕಲಿಸ್ತೀ ಅಂತ ಕೇಳ್ತಿದ್ದಾರೆ" ಎಂದಳು.

ಪಕ್ಕದ ಮನೆಯಾಕೆ, "ನಾವಿಷ್ಟು ಜನ ಇಲ್ವಾ ಮಾರಾಯ್ತಿ? ನಮಗೆಂತ ಗೊತ್ತುಂಟು?" ಎಂದರು.

ಮೊಮ್ಮಗಳು ಲ್ಯಾಪ್‌ಟಾಪನ್ನು ನಮ್ಮತ್ತ ತಿರುಗಿಸಿ ಆ ಹಳೆಯ ಮಾತಿನಲ್ಲಿ ಎಣಿಸಲು ಕಲಿಸಿದಳು. ನೈಟಿಯ ಮೇಲೆ ಶಾಲು ಹೊದ್ದವರು, ಅರ್ಧ ಗಡ್ಡ ಬೋಳಿಸಿಕೊಂಡವರು, ವಾಚ್‌ಮನ್, ಎಲ್ಲರೂ ಒಂದೇ ಸ್ವರದಲ್ಲಿ ಹೇಳಿದೆವು: "ಓಯ್ನ್, ದಾ, ತ್ರೀ."

ಅಷ್ಟರಲ್ಲಿ ಬೆಂಕಿ ಆರಿಸುವವರು ಬಂದು, ಎಲ್ಲರೂ ಇಳಿದಿದ್ದಾರೆಯೇ ನೋಡಿ ಎಂದರು. ವಾಚ್‌ಮನ್ ಕಲಿತ ಹುರುಪಿನಲ್ಲಿ ತಲೆ ಎಣಿಸಿದ: ಓಯ್ನ್, ದಾ, ತ್ರೀ. ಮುಂದಿನದನ್ನು ಮೊಮ್ಮಗಳು ಇನ್ನೂ ಕಲಿಸಿರಲಿಲ್ಲ. ಮತ್ತೆ ಓಯ್ನ್‌ನಿಂದ ಶುರು ಮಾಡಿದ. ಮೂರನೇ ಸಲ ನಿಂತಾಗ ಲ್ಯಾಪ್‌ಟಾಪಿನೊಳಗಿನ ಹಿರಿಯ ಮೇಷ್ಟ್ರು ತಡೆಯಲಾರದೆ "ಕೆಥಿರ್" ಎಂದು ಕೂಗಿಬಿಟ್ಟರು.

ಕೆಲಸ ಸಿಕ್ಕಿತು. ಗೋದಾಮಿನ ಕುರ್ಚಿ ಬೇಡವೆಂದು ಮಗ ಫೋನ್ ಮಾಡಿದ. ಅವಳು ಹೊರಡುವ ಮುನ್ನ ಮತ್ತೊಮ್ಮೆ ನಿವಾಳಿಸಬೇಕಲ್ಲ. ಕಾರ್ ಪಾರ್ಕಿನ ಮೂಲೆಯಲ್ಲಿ ವಾಚ್‌ಮನ್ನೇ ಜಾಗ ತೋರಿಸಿದ. ಎಷ್ಟು ಮೆಣಸು ಸುಡುತ್ತೀರಿ ಎಂದು ಹೆದರಿ ಕೇಳಿದ.

"ಕೆಥಿರ್" ಎಂದೆ.