ಹದಿನೇಳನೆಯ ಪೆಟ್ಟಿಗೆಯ ಬಾಯಿ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಅಡುಗೆಮನೆಯ ಕಟ್ಟೆಗೆ ಒರಗಿಸಿಟ್ಟ ಮೊಬೈಲಿನಲ್ಲಿ ನದಿಯೊಂದರ ನಕ್ಷೆ, ಅದರುದ್ದಕ್ಕೂ ನಲವತ್ತೊಂದು ಚುಕ್ಕೆ. ನಲವತ್ತು ಹಸಿರು, ಒಂದು ಬೂದಿ. ಚಹಾ ಸೋಸುತ್ತಿದ್ದ ಕೈ ಅರ್ಧಕ್ಕೇ ನಿಲ್ಲುತ್ತದೆ.

"ಹದಿನೇಳು," ಎನ್ನುತ್ತಾರೆ ಪೆಟ್ಟಿಗೆಯಕ್ಕ. ಯಾರಿಗೆ ಹೇಳಿದ್ದೂ ಅಲ್ಲ. ಸೋಸುವುದನ್ನು ಅತ್ತೆಯ ಕೈಗೆ ಕೊಟ್ಟು ಬಾಗಿಲ ಹಿಂದಿನ ಚೀಲ ಹೆಗಲಿಗೇರಿಸುತ್ತಾರೆ.

ನದಿದಂಡೆಯ ಕಂಬಗಳ ಮೇಲೆ ಕುಳಿತ ನಲವತ್ತೊಂದು ಕಬ್ಬಿಣದ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ಈ ನಲವತ್ತಾರರ ಹೆಂಗಸಿನ ಕೆಲಸ. ಹದಿನಾಲ್ಕು ವರ್ಷವಾಯಿತು, ಇಲಾಖೆಯ ಹಾಜರಿ ಪುಸ್ತಕ ಬಿಟ್ಟರೆ ಬೇರೆ ಯಾರೂ ಅವರ ನಿಜವಾದ ಹೆಸರು ಹಿಡಿದು ಕರೆಯುವುದಿಲ್ಲ. ಪ್ರತಿ ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಮೋಡೆಮ್ ಇದೆ. ನೀರಳೆಯುವ ಯಂತ್ರ ಅಂಕಿ ಹೇಳುತ್ತದೆ, ಮೋಡೆಮ್ ಅದನ್ನು ಮೊಬೈಲ್ ಟವರಿನ ಮೂಲಕ ಕಂಟ್ರೋಲ್ ರೂಮಿಗೆ ಮುಟ್ಟಿಸುತ್ತದೆ. ಕಾಲು ಗಂಟೆಗೊಮ್ಮೆ, ದಿನಕ್ಕೆ ತೊಂಬತ್ತಾರು ಸಲ. ಎಲ್ಲ ಪೆಟ್ಟಿಗೆ ಕೂಡಿದರೆ ದಿನಕ್ಕೆ ಮೂರು ಸಾವಿರದ ಒಂಬೈನೂರ ಮೂವತ್ತಾರು ಸಂದೇಶ. ಬಿಸಿಲಿಗೆ ಬಾಡದ, ಚಳಿಗೆ ಮುದುಡದ, ಪೆಟ್ಟಿಗೆ ಜಗ್ಗದ ಪೆಟ್ಟಿಗೆ ಎಂದು ಅದರ ಖ್ಯಾತಿ. ಮನೆಯ ಮೋಡೆಮ್ಮಿನ ಹಾಗೆ ಫ್ಯಾನ್ ಕೆಳಗೆ ಕೂತು ಉಣ್ಣುವ ಜಾತಿ ಅದಲ್ಲ.

ಹದಿನೇಳನೆಯದು ಮಾತ್ರ ಇವತ್ತು ಐದೂಕಾಲಿಗೆ ಕೊನೆಯ ಅಂಕಿ ಹೇಳಿ ಬಾಯಿ ಮುಚ್ಚಿದೆ.

"ಬೇರೆ ಕಡೆ ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ನಮ್ಮ ಕಸುಬಲ್ಲಿ ಹಾಗಂದ್ಕೊಂಡ್ರೆ ಕೆಟ್ಟಿರಿ," ಎನ್ನುತ್ತಾರೆ ಅವರು, ಚಪ್ಪಲಿ ಮೆಟ್ಟುತ್ತ.

ಕೆಡುವುದು ಯಾರು ಎಂಬುದೂ ಅವರಿಗೆ ಗೊತ್ತು. ಹದಿನೇಳರಿಂದ ಕೆಳಗೆ ನದಿ ಎರಡಾಗಿ ಸೀಳಿ ಮತ್ತೆ ಕೂಡುತ್ತದೆ. ನಡುವಿನ ಮಣ್ಣುದಿಬ್ಬದ ಮೇಲೆ ಇಟ್ಟಿಗೆಯ ಕಾರ್ಖಾನೆ. ಆರು ಗಂಟೆಗೆ ಅರವತ್ತು ಮಂದಿ ಕೆಲಸಕ್ಕೆ ಇಳಿಯುತ್ತಾರೆ. ದಡಕ್ಕೆ ಮರಳಲು ಇರುವುದು ಒಂದೇ ಹಲಗೆ ಸೇತುವೆ. ಹದಿನೇಳರಲ್ಲಿ ನೀರು ನಾಲ್ಕು ಮೀಟರ್ ಮುಟ್ಟಿತೆಂದರೆ, ಐವತ್ತು ನಿಮಿಷಕ್ಕೆ ಆ ಹಲಗೆ ನೀರೊಳಗೆ. ಕಾರ್ಖಾನೆಯ ಸೈರನ್ ಊದುವುದು ಹದಿನೇಳರ ಅಂಕಿ ಕೇಳಿಯೇ. ಅರವತ್ತು ಮಂದಿಯಲ್ಲಿ ಒಬ್ಬಳು ಪೆಟ್ಟಿಗೆಯಕ್ಕನ ನಾದಿನಿ. ಒಣಗಿದ ಇಟ್ಟಿಗೆ ಎಣಿಸುವವಳು. ಐದೂವರೆಗೇ ಡಬ್ಬಿ ಕಟ್ಟಿಕೊಂಡು ಹೋಗಿದ್ದಾಳೆ.

ಜೀಪು ಬರುವಷ್ಟರಲ್ಲಿ ಮೂರು ಫೋನ್ ಆಗುತ್ತವೆ. ಮೊದಲನೆಯದು ಕಂಟ್ರೋಲ್ ರೂಮಿನ ಸಾಹೇಬರಿಗೆ. ತಮ್ಮ ಮಾತನ್ನೂ ಬೇರೆ ಯಾರೋ ಹೇಳಿದಂತೆ ಒಪ್ಪಿಸುವುದು ಅವರ ಅಭ್ಯಾಸ. "ನೋಡಿ ಮೇಡಂ, ಹದಿನಾರರಲ್ಲಿ ಒಂದೂವರೆ ಮೀಟರ್ ಏರಿದೆ ಅಂತ. ನಡುವೆ ಬೆಟ್ಟದ ಹಳ್ಳ ಬೇರೆ ಸೇರತ್ತೆ, ಅದೆಷ್ಟು ತರತ್ತೋ ಗೊತ್ತಿಲ್ಲ ಅಂತ. ಹದಿನೇಳರ ಅಂಕಿ ಕೊಡಿ, ಊದಿಸ್ತೀನಿ ಅಂತ. ಅಂಕಿ ಇಲ್ದೆ ಊದಿಸಿದ್ರೆ ನನ್ನನ್ನೇ ಊದಿಬಿಡ್ತಾರೆ ಅಂತ."

ಎರಡನೆಯದು ಇಟ್ಟಿಗೆ ಮೇಸ್ತ್ರಿಗೆ. "ಅಕ್ಕ, ಹೋದ ತಿಂಗಳು ಎರಡು ಸಲ ಫೋನ್ ಮಾಡಿ ದಡ ಹತ್ತಿಸಿದ್ರಿ. ಎರಡು ಸಲಾನೂ ಕೋಳಿ ಕಾಲು ನೆನೆಯೋಷ್ಟು ನೀರು ಬರಲಿಲ್ಲ. ಹಸಿ ಇಟ್ಟಿಗೆ ಬಿಟ್ಟು ಬಂದದ್ದಕ್ಕೆ ಎಲ್ಲ ಸೀಳಿ ಹೋದ್ವು. ಈಗ ಸೈರನ್ ಊದಿದ್ರೆ ಏಳ್ತೀವಿ, ಇಲ್ಲಾಂದ್ರೆ ಇಲ್ಲ." ಮೂರನೆಯದು ನಾದಿನಿಗೆ. ರಿಂಗಾಗಿ ರಿಂಗಾಗಿ ಕಟ್ಟಾಗುತ್ತದೆ. ಕೆಲಸದವರ ಮೊಬೈಲುಗಳನ್ನೆಲ್ಲ ಅಲ್ಲಿ ಷೆಡ್ಡಿನ ಕಪಾಟಿನಲ್ಲಿ ಸಾಲಾಗಿ ಮಲಗಿಸಿಡುತ್ತಾರೆ.

ಜೀಪಿನ ಚಾಲಕನನ್ನು ಪೆಟ್ಟಿಗೆಯಕ್ಕ ಮಾಮ ಎನ್ನುತ್ತಾರೆ. ಪೆಟ್ಟಿಗೆಗಳು ಬರುವ ಮುಂಚೆ ಹದಿನೇಳರಲ್ಲಿ ನೀರಿನ ಮಟ್ಟ ಓದುತ್ತಿದ್ದವರು ಈ ಮಾಮನೇ. ನೀರೊಳಗೆ ನೆಟ್ಟ ಬಣ್ಣದ ಅಳತೆಪಟ್ಟಿ ನೋಡಿ ಪುಸ್ತಕದಲ್ಲಿ ಬರೆದು, ಸೈಕಲ್ ತುಳಿದು ಕಚೇರಿಗೆ ಮುಟ್ಟಿಸುತ್ತಿದ್ದರು. ಯಂತ್ರ ಬಂತು, ಮಾಮ ಸ್ಟೀರಿಂಗ್ ಹಿಡಿದರು. "ನನ್ನ ಕೆಲಸ ಕಿತ್ಕೊಂಡ ಪೆಟ್ಟಿಗೇನ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ನೋಡು ಗ್ರಹಚಾರ," ಎಂದು ಗೇರು ಬದಲಿಸುತ್ತಾರೆ. ಪ್ರತಿ ಸಲವೂ ಇದೇ ಮಾತು. ಇವತ್ತು ನಗು ಬರುವುದಿಲ್ಲ.

ದಾರಿ ನಲವತ್ತೈದು ನಿಮಿಷ. ಪೆಟ್ಟಿಗೆಯಕ್ಕ ಈ ಕಸುಬಿಗೆ ಬಂದದ್ದು ರೇಡಿಯೋ ರಿಪೇರಿ ಅಂಗಡಿಯಿಂದ. ಕಂಬ ಹತ್ತಬಲ್ಲ ಹೆಂಗಸು ಬೇಕೆಂದು ಯಾರೂ ಹುಡುಕಿರಲಿಲ್ಲ. ಕಂಬ ಹತ್ತಲು ಒಪ್ಪಿದ ಗಂಡಸು ಸಿಗಲಿಲ್ಲ, ಅಷ್ಟೆ. ಪೆಟ್ಟಿಗೆ ತೆರೆದರೆ ಕಣಜ ಇರುತ್ತದೆ, ಹಲ್ಲಿ ಮೊಟ್ಟೆ ಇರುತ್ತದೆ, ಒಮ್ಮೆ ಹಾವು ಬಿಟ್ಟುಹೋದ ಪೊರೆ ಇತ್ತು. ಹೊಸ ಮೋಡೆಮ್ ಬಂದರೆ ಮೊದಲು ಮನೆಯಲ್ಲೇ ಪಾಠ. ಸಿಮ್ ಹಾಕುವುದು, ಯಾವ ಜಾಲಕ್ಕೆ ಸೇರಬೇಕು, ಅಂಕಿಯನ್ನು ಯಾವ ವಿಳಾಸಕ್ಕೆ ಕಳಿಸಬೇಕು ಎಂದು ಲ್ಯಾಪ್‌ಟಾಪಿನಿಂದ ಕಲಿಸುವುದು. ಆಮೇಲೆ ಪರೀಕ್ಷೆ: ಹಿಟ್ಟಿನ ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ ಸಿಗ್ನಲ್ ಕತ್ತರಿಸಿ, ತೆಗೆದ ಮೇಲೆ ತಾನಾಗಿ ಚೇತರಿಸಿಕೊಳ್ಳುತ್ತದೆಯೇ ಎಂದು ನೋಡುವುದು. "ಹಿಟ್ಟಿಗೆ ಕೈ ಹಾಕಿದ್ರೆ ಒಳಗೆ ಏನೋ ಮಿಣುಮಿಣುಕ್ತಿತ್ತು, ದೆವ್ವ ಅಂತ ಡಬ್ಬೀನೇ ಎಸೆದೆ," ಎಂದು ಅತ್ತೆ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ. ಬಿಗಿಮಾಡಿದ ಪ್ರತಿ ತಿರುಪಿನ ಮೇಲೆ ಕೆಂಪು ನೇಲ್ ಪಾಲಿಶ್‌ನ ಒಂದು ಗೆರೆ ಎಳೆಯುವುದು ಪೆಟ್ಟಿಗೆಯಕ್ಕನ ಪದ್ಧತಿ. ತಿರುಪು ಸಡಿಲಾದರೆ ಗೆರೆ ಮುರಿಯುತ್ತದೆ. ಶೀಷೆ ನಾದಿನಿಯದು. ಅದಕ್ಕಾಗಿ ಮನೆಯಲ್ಲಿ ವಾರಕ್ಕೊಂದು ಜಗಳ.

ಅರ್ಧ ದಾರಿಯ ತಿರುವಿನಲ್ಲಿ ಮೊಬೈಲಿನ ಸಿಗ್ನಲ್ ಸತ್ತುಹೋಗುತ್ತದೆ. ಹೋದ ವಾರ ಹೀಗಿರಲಿಲ್ಲ. ಗುಡ್ಡದ ಮೇಲಿನ ಟವರಿನ ನೆತ್ತಿಯ ದೀಪ ಆರಿದೆ. "ಟವರ್ರು ಟವಲ್ ಹಾಸ್ಕೊಂಡು ಮಲಗಿದೆ," ಎನ್ನುತ್ತಾರೆ ಮಾಮ. ಇನ್ನೊಂದು ಟವರು ನದಿಯಾಚೆ ಬಹು ದೂರ. ಅಲ್ಲಿಯವರೆಗೆ ಕೈಯಲ್ಲಿನ ಫೋನ್ ಕೂಗು ಮುಟ್ಟದು. ಕಂಬದ ತುದಿಯ ಉದ್ದನೆಯ ಆಂಟೆನಾಕ್ಕೆ ಮುಟ್ಟಬೇಕು. ಹಾಗಿದ್ದರೆ ಪೆಟ್ಟಿಗೆ ಏಕೆ ಸುಮ್ಮನಿದೆ?

ಏಳೂ ಹತ್ತು. ಜೀಪು ನಿಲ್ಲಿಸಿದ್ದೇ ಮಾಮ ದಡಕ್ಕಿಳಿದು ಹಳೆಯ ಅಳತೆಪಟ್ಟಿಯ ಎದುರು ನಿಲ್ಲುತ್ತಾರೆ. ನೀರು ಕಾಫಿ ಬಣ್ಣದ್ದು, ಬೇರುಸಹಿತ ಬಂದ ಗಿಡಗಳು ತೇಲುತ್ತಿವೆ. "ಮೂರು ಹತ್ತು," ಎಂದು ಕೂಗುತ್ತಾರೆ. ಮೂರು ಮೀಟರ್, ಹತ್ತು ಸೆಂಟಿಮೀಟರ್.

ಏಣಿಯ ಆರನೆಯ ಮೆಟ್ಟಿಲಲ್ಲಿ ಪೆಟ್ಟಿಗೆಯಕ್ಕ ಬಾಗಿಲು ತೆರೆಯುತ್ತಾರೆ. ಬ್ಯಾಟರಿ ಸರಿಯಿದೆ. ಕಣಜ ಇಲ್ಲ. ಮೋಡೆಮ್ಮಿನ ಕಿತ್ತಳೆ ದೀಪ ಮಿಟುಕುತ್ತಿದೆ: ಸೇರಲು ನೋಡುತ್ತಿದೆ, ಸೇರುತ್ತಿಲ್ಲ. ಲ್ಯಾಪ್‌ಟಾಪನ್ನು ಎದೆಗೂ ಏಣಿಗೂ ನಡುವೆ ಸಿಕ್ಕಿಸಿಕೊಂಡು ತಂತಿ ಚುಚ್ಚುತ್ತಾರೆ. ಪರದೆಯಲ್ಲಿ ಸಿಗ್ನಲ್ ನಾಲ್ಕು ಗೆರೆ, ಚೆನ್ನಾಗಿದೆ. ಸಿಮ್ ತೆಗೆದು ಒರೆಸಿ ಹಾಕುತ್ತಾರೆ. ಅದೇ ಹಾಡು.

"ಮೂರು ಮೂವತ್ತು."

ಆರಿಸಿ ಮತ್ತೆ ಹಚ್ಚುತ್ತಾರೆ. ಮೋಡೆಮ್ ಏಳಲು ಮೂರು ನಿಮಿಷ ಬೇಕು. ಪ್ರತಿ ದೀಪ ಒಂದೊಂದಾಗಿ ಕಣ್ಣುಜ್ಜಿಕೊಂಡು, ಆಕಳಿಸಿ, ಏಳುತ್ತದೆ. ಹಸಿರು, ಹಸಿರು, ಮತ್ತೆ ಕಿತ್ತಳೆ. ಮಿಟುಕು.

"ಮೂರು ಐವತ್ತು. ಲೆಕ್ಕ ಹಾಕು ಮಗಳೇ," ಎನ್ನುತ್ತಾರೆ ಮಾಮ. ಲೆಕ್ಕ ಆಗಲೇ ತಲೆಯಲ್ಲಿ ಓಡುತ್ತಿದೆ. ಫೋನ್ ಸಿಗುವ ಜಾಗಕ್ಕೆ ಜೀಪಿನಲ್ಲಿ ಇಪ್ಪತ್ತೈದು ನಿಮಿಷ. ನಾಲ್ಕು ಮುಟ್ಟುವುದನ್ನು ಕಣ್ಣಾರೆ ನೋಡಿ ಓಡಿದರೂ ಇಟ್ಟಿಗೆಯವರಿಗೆ ಉಳಿಯುವುದು ಇನ್ನಿಪ್ಪತ್ತೈದು. ಅರವತ್ತು ಮಂದಿ ಒಬ್ಬೊಬ್ಬರಾಗಿ ಆ ಹಲಗೆ ದಾಟಲು ಅರ್ಧ ಗಂಟೆಯೇ ಬೇಕು. ಈಗಲೇ ಓಡಿದರೆ ಹೇಳಲು ನಾಲ್ಕರ ಅಂಕಿ ಇಲ್ಲ, ಸಾಹೇಬರು ಊದಿಸುವುದಿಲ್ಲ.

"ಹತ್ತು ನಿಮಿಷ ಕೊಡಿ ಮಾಮ. ಆಗಲಿಲ್ಲ ಅಂದ್ರೆ ಓಡೋಣ."

"ಏನಾಗಿದೆ ಅದಕ್ಕೆ?"

"ಟವರ್ ಹೇಳೋದೆಲ್ಲ ಇದಕ್ಕೆ ಕೇಳಿಸ್ತಿದೆ. ಇದು ಹೇಳೋದು ಅಲ್ಲಿಗೆ ಮುಟ್ತಿಲ್ಲ."

"ಕಿವಿ ಚುರುಕು, ಬಾಯಿ ಇಲ್ಲ. ನಮ್ಮ ಅಳಿಯ ಇದ್ದ ಹಾಗೆ," ಎನ್ನುತ್ತಾರೆ ಮಾಮ, ಪಟ್ಟಿಯಿಂದ ಕಣ್ಣು ತೆಗೆಯದೆ. "ಮೂರು ಅರವತ್ತೈದು."

ಪೆಟ್ಟಿಗೆಯಕ್ಕನಿಗೆ ನಗು ಬರುತ್ತದೆ, ಹಿಂದೆಯೇ ಒಂದು ಅನುಮಾನವೂ. ಅವರು ಮೋಡೆಮ್ಮಿನ ಬೆನ್ನಿಗೆ ಟಾರ್ಚ್ ಹಿಡಿಯುತ್ತಾರೆ.

ಬೆನ್ನ ಮೇಲೆ ಆಂಟೆನಾ ತಿರುಗಿಸಿ ಕೂರಿಸುವ ತೂತು ಎರಡು. ಒಂದು ಕೇಳುತ್ತದೆ, ಹೇಳುತ್ತದೆ. ಇನ್ನೊಂದು ಕೇಳುತ್ತದೆ ಅಷ್ಟೆ. ಬಾಯಿಯೊಂದು, ಬರೀ ಕಿವಿಯೊಂದು. ನೋಡಲು ಅವಳಿ ಜವಳಿ, ಒಂದೇ ಅಳತೆ. ಹದಿನಾಲ್ಕು ವರ್ಷ ಬಂದ ಹಳೆಯ ಮಾದರಿಯಲ್ಲಿ ಬಾಯಿ ಎಡಕ್ಕಿತ್ತು. ಈ ತಿಂಗಳು ಬಂದ, ಹೋದ ವಾರ ಇಲ್ಲಿ ಕೂರಿಸಿದ ಹೊಸ ಮಾದರಿಯಲ್ಲಿ ಬಲಕ್ಕಿದೆ. ಅವರ ಕೈ, ಸಾವಿರ ಸಲ ಹೋದ ಹಾಗೆ, ಎಡಕ್ಕೆ ಹೋಗಿದೆ. ಬಿಗಿದ ತಿರುಪಿನ ಮೇಲೆ ಅವರದೇ ಕೆಂಪು ಗೆರೆ ಒಂದಿಷ್ಟೂ ಮುರಿಯದೆ ಅಚ್ಚುಕಟ್ಟಾಗಿ ಕುಳಿತಿದೆ. ಹತ್ತಿರದ ಟವರ್ ಎದ್ದಿರುವಷ್ಟು ದಿನ ಬಾಯಿಲ್ಲದ ಪೆಟ್ಟಿಗೆಯ ಪಿಸುಮಾತೂ ಅದಕ್ಕೆ ಮುಟ್ಟುತ್ತಿತ್ತು. ಅದು ಮಲಗಿತು, ಗುಟ್ಟು ಹೊರಬಿತ್ತು.

"ಮಾಮ, ನಾನೇ ಮಾಡಿರೋದು."

"ಆಮೇಲೆ ಅಳು. ಮೂರು ಎಂಬತ್ತು."

ಎಡಗಡೆಯ ತಿರುಪು ಸುಲಭವಾಗಿ ಬರುತ್ತದೆ. ಬಲಗಡೆ, ಕಾರ್ಖಾನೆಯಿಂದ ಬರುವಾಗಲೇ ಹಾಕಿದ ಹಿತ್ತಾಳೆಯ ಮುಚ್ಚಳ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಬೆರಳು ಜಾರುತ್ತದೆ. ಸೆರಗಿನ ತುದಿ ಸುತ್ತಿ ಹಿಡಿದರೂ ಜಾರುತ್ತದೆ. ಇಕ್ಕಳ ಚೀಲದಲ್ಲಿದೆ, ಚೀಲ ಏಣಿಯ ಬುಡದಲ್ಲಿದೆ. ಮಾಮ ಪಟ್ಟಿ ಬಿಟ್ಟು ಓಡಿ ಬಂದು ಎಸೆಯುತ್ತಾರೆ. ಲ್ಯಾಪ್‌ಟಾಪ್ ಒಂದು ಕಂಕುಳಲ್ಲಿ, ಆಂಟೆನಾದ ತಂತಿ ಹಲ್ಲಿನಲ್ಲಿ. ಒಂದೇ ಕೈಯಲ್ಲಿ ಇಕ್ಕಳ ಹಿಡಿಯುತ್ತಾರೆ. ಮುಚ್ಚಳ ಕೀರಲು ದನಿ ತೆಗೆದು ತಿರುಗುತ್ತದೆ. ತಂತಿಯನ್ನು ಬಲಕ್ಕೆ ಕೂರಿಸಿ ಬಿಗಿಯುತ್ತಾರೆ. ಅವಸರಕ್ಕೆ ತಿರುಪಿನ ಎಳೆ ತಪ್ಪಿ ಕೂತರೆ ತೂತೇ ಹಾಳು. ಹಾಗಾಗಿ ಮೊದಲ ಎರಡು ಸುತ್ತನ್ನು ಮಗುವಿನ ಕಿವಿಗೆ ಓಲೆ ಹಾಕುವಷ್ಟು ನಿಧಾನವಾಗಿ ತಿರುಗಿಸುತ್ತಾರೆ. ಆ ನಿಧಾನಕ್ಕೆ ಬೇಕಾದ ಎದೆ ಎಲ್ಲರಿಗೂ ಇರುವುದಿಲ್ಲ.

ಕಿತ್ತಳೆ ದೀಪ ಇನ್ನೂ ನಾಲ್ಕು ಸಲ ಮಿಟುಕುತ್ತದೆ. ಐದನೆಯ ಸಲ ಹೊತ್ತಿಕೊಂಡು ಹಾಗೇ ನಿಲ್ಲುತ್ತದೆ.

ಮುಂದಿನ ಸರದಿಗೆ ಕಾಯುವ ಹೊತ್ತಲ್ಲ. 'ಈಗಲೇ ಕಳಿಸು' ಎಂಬ ಆಜ್ಞೆ ಒತ್ತುತ್ತಾರೆ. ಮೂರು ತೊಂಬತ್ತೆರಡು ಹೋಗುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ಒತ್ತುತ್ತಾರೆ. ಮೂರು ತೊಂಬತ್ತೇಳು. "ನಾಲ್ಕು," ಎಂದು ಕೆಳಗಿನಿಂದ ಮಾಮ ಹೇಳುತ್ತಾರೆ, ಈ ಸಲ ಕೂಗುವುದಿಲ್ಲ. ಮತ್ತೆ ಒತ್ತುತ್ತಾರೆ. ನಾಲ್ಕು ಸೊನ್ನೆ ಎರಡು. ಪರದೆಯ ಮೇಲೆ ಒಂದೇ ಸಾಲು: ತಲುಪಿದೆ.

ಏಳೂ ಮೂವತ್ತೆಂಟು. ಸೈರನ್ ಊದಿತೋ ಇಲ್ಲವೋ ಇಲ್ಲಿಗೆ ಕೇಳಿಸದು. ಇನ್ನೆರಡು ಸರದಿಯ ಅಂಕಿ ತಾನಾಗಿ ಹೋಗುವುದನ್ನು ಅರ್ಧ ಗಂಟೆ ನಿಂತು ನೋಡಿದ ಮೇಲೆ ಬಾಗಿಲು ಮುಚ್ಚಿ, ಬೀಗ ಹಾಕಿ, ಜೀಪು ಹತ್ತುತ್ತಾರೆ. ಇಪ್ಪತ್ತೈದು ನಿಮಿಷದ ದಾರಿ. ಮಾಮ ಗುಂಡಿ ನೋಡದೆ ಜೀಪು ಓಡಿಸುತ್ತಾರೆ. ಪೆಟ್ಟಿಗೆಯಕ್ಕ ಸಿಗ್ನಲ್ಲಿನ ಖಾಲಿ ಜಾಗವನ್ನೇ ನೋಡುತ್ತ ಕೂತಿದ್ದಾರೆ.

ತಿರುವು ದಾಟಿದ್ದೇ ಮೊಬೈಲ್ ಒಟ್ಟಿಗೇ ನಾಲ್ಕು ಸಲ ನಡುಗುತ್ತದೆ. ನಾಲ್ಕೂ ನಾದಿನಿಯ ಕರೆ.

"ಅತ್ತಿಗೆ, ನಿಮ್ಮ ಪೆಟ್ಟಿಗೆಗೆ ಹೊತ್ತು ಗೊತ್ತು ಅನ್ನೋದು ಇಲ್ವಾ? ಈಗಷ್ಟೇ ಡಬ್ಬಿ ಮುಚ್ಚಳ ತೆಗೆದಿದ್ದೆ. ಬಾಯಿಗೆ ತುತ್ತು ಇಡೋ ಹೊತ್ತಿಗೆ ಬೊಬ್ಬೆ ಹೊಡೀತು."

"ಎಷ್ಟು ಜನ ಬಂದ್ರಿ?"

"ಎಲ್ಲರೂ."

"ಎಣಿಸಿ ಹೇಳು."

"ಎಣಿಸೋದೇ ನನ್ನ ಕೆಲಸ ಅಲ್ವಾ? ಅರವತ್ತು. ಮೇಸ್ತ್ರಿ ಕೊನೇಲಿ ಬಂದ. ನಾವು ದಾಟೋ ಹೊತ್ತಿಗೆ ಹಲಗೆ ಒಣಗಿತ್ತು, ಈಗ ಕಾಣ್ತಿಲ್ಲ. ನನ್ನ ಡಬ್ಬೀನೂ ಕಾಣ್ತಿಲ್ಲ. ಹೊಸಾ ಡಬ್ಬಿ, ಅತ್ತಿಗೆ."

ಪೆಟ್ಟಿಗೆಯಕ್ಕ ಫೋನನ್ನು ಮಡಿಲಲ್ಲಿಡುತ್ತಾರೆ. ಆಮೇಲೆ ವರದಿಯ ಹಾಳೆ ತೆಗೆಯುತ್ತಾರೆ. ಕಾರಣ ಎಂಬ ಕಾಲಮಿನ ಮೇಲೆ ಪೆನ್ನು ನಿಂತಾಗ ಮಾಮ ಓರೆಗಣ್ಣಲ್ಲಿ ನೋಡಿ ಹೇಳುತ್ತಾರೆ, "ಟವರ್ ಕೆಟ್ಟಿತ್ತು ಅಂತ ಬರಿ. ಸುಳ್ಳೇನಲ್ಲವಲ್ಲ."

"ಅರ್ಧ ನಿಜ ಮಾಮ. ಬರೀ ಕಿವಿ ಇದ್ದ ಹಾಗೆ," ಎಂದು ಅವರು ಬರೆಯುತ್ತಾರೆ: ಆಂಟೆನಾ ತಪ್ಪು ತೂತಿಗೆ. ಕೂರಿಸಿದ್ದು ನಾನು. ಕೆಳಗೆ ಸಹಿ, ಹಾಜರಿ ಪುಸ್ತಕದಲ್ಲಿರುವ ಪೂರ್ತಿ ಹೆಸರು.

ಅದೇ ಕೈ ಇದೇ ತಿಂಗಳು ಇನ್ನೂ ಎಂಟು ಹೊಸ ಮೋಡೆಮ್ ಕೂರಿಸಿದೆ. ಎಂಟರ ಚುಕ್ಕೆಯೂ ಹಸಿರೇ. ಅವರು ಮನೆಗೆ ಹೋಗದೆ ಎಂಟಕ್ಕೂ ಹೋಗುತ್ತಾರೆ. ಐದು ಸರಿಯಿವೆ, ಮೂರರಲ್ಲಿ ಕೈ ಎಡಕ್ಕೆ ಹೋಗಿದೆ. ಎಂಟರಲ್ಲೂ ಬಾಯಿಯ ಸುತ್ತ ನೇಲ್ ಪಾಲಿಶ್‌ನ ಕೆಂಪು ಬಳೆ ಬರೆಯುತ್ತಾರೆ, ಮುಂದೆ ಯಾರ ಕೈಯೂ ತಪ್ಪದ ಹಾಗೆ. ಮೋಡೆಮ್ ಮಾಡುವ ಕಂಪನಿಗೂ ಒಂದು ಕಾಗದ ಬರೆಯುವುದಿದೆಯಂತೆ. "ಬಾಯಿಗೊಂದು ಅಳತೆ, ಕಿವಿಗೊಂದು ಅಳತೆ ಮಾಡಿ ಅಂತ ಕೇಳ್ತೀನಿ. ಅಷ್ಟು ಮಾಡಿದ್ರೆ ಸಾಕು. ನನ್ನಂಥ ಹಳೇ ಕೈಗಳು ತುಂಬಾ ಕಡೆ ಇರ್ತಾವೆ."

ಕೊನೆಯ ಪೆಟ್ಟಿಗೆಗೆ ಬೀಗ ಹಾಕುವಾಗ ಶೀಷೆ ಬರಿದಾಗಿದೆ. ಅದನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡುತ್ತಾರೆ.

"ಪಾಲಿಶ್ಶೂ ಹೋಯ್ತು, ಡಬ್ಬೀನೂ ಹೋಯ್ತು. ಇವತ್ತು ಮನೆಗೆ ಹೋದ್ರೆ ಮಲಗೋತನಕ ಬೈತಾಳೆ ಅವಳು," ಎನ್ನುತ್ತಾರೆ ಪೆಟ್ಟಿಗೆಯಕ್ಕ, ಏಣಿ ಇಳಿಯುತ್ತ. "ಬೈಯ್ಲಿ. ಕಾಲು ಗಂಟೆಗೊಂದ್ಸಲ ಬೈಯ್ಲಿ."